‘ಹೊಡಿ’ ಎನ್ನದ ಮೇಷ್ಟ್ರು

ಮೇಷ್ಟ್ರ ಬಲಗೈಯಲ್ಲಿ ಇದ್ದದ್ದು ಎರಡೇ ಬೆರಳು, ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರನ್ನು ಪವರ್ ಪ್ರೆಸ್ ತಿಂದಿತ್ತು. ಬೆರಳು ಹೋದ ಕಡೆ ಚರ್ಮ ಸೇರಿಸಿ ಹಾಕಿದ್ದ ಹೊಲಿಗೆಯ ಗುರುತು ಗೋಣಿಚೀಲದ ಬಾಯಿ ಹೊಲಿದಷ್ಟು ಒರಟಾಗಿತ್ತು. ಅವರು ಕೈ ಎತ್ತಿದರೆ ‘ಫೋನು ಮಾಡು’ ಎಂದು ಸನ್ನೆ ಮಾಡಿದ ಹಾಗೆ ಕಾಣುತ್ತಿತ್ತು. ಹೊಸಬರು ಜೇಬಿನಿಂದ ಫೋನು ತೆಗೆದು “ಯಾರಿಗೆ ಸಾರ್?” ಎಂದು ಕೇಳಿದ್ದೂ ಉಂಟು. ಮೇಷ್ಟ್ರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ಯಮಂಗೆ ಮಾಡಪ್ಪಾ. ಮೂರು ಬೆರಳು ಮೊದ್ಲೇ ಕಳ್ಸಿವ್ನಿ, ಮಿಕ್ಕಿದ್ದು ಯಾವಾಗ ಬೇಕು ಅಂತ ಕೇಳು” ಅನ್ನುತ್ತಿದ್ದರು.

ಊರಲ್ಲಿ ಅವರಿಗೆ ಪ್ರೆಸ್ ಮೇಷ್ಟ್ರು ಎಂದೇ ಹೆಸರು. ಹೊರಗಿನವರು ಪೇಪರಿನವರು ಅಂದುಕೊಂಡು ಹೆದರುತ್ತಿದ್ದರು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದವರು ಅವರು. ಬೆರಳು ಹೋದ ಮೇಲೆ ಅವರನ್ನು ಸ್ಟೋರ್ಸಿಗೆ ಹಾಕಿ ಕಂಪ್ಯೂಟರ್ ಮುಂದೆ ಕೂರಿಸಿದರು. ಅಲ್ಲಿ ಕಲಿತದ್ದನ್ನು ರಿಟೈರಾದ ಮೇಲೆ ಮತ್ತಿಗಿರಿಯಿಂದಾಚೆ ಇರುವ ನಮ್ಮೂರಿಗೆ ತಂದರು. ಹಾಲಿನ ಡೇರಿಯ ಹಳೆಯ ಕಟ್ಟಡ ಖಾಲಿ ಬಿದ್ದಿತ್ತು. ಆಫೀಸುಗಳು ಬಿಸಾಕಿದ ನಾಲ್ಕು ಕಂಪ್ಯೂಟರುಗಳನ್ನು ಮೇಷ್ಟ್ರು ಬೇಡಿ, ಕಾಡಿ, ಕೆಲವು ಕಡೆ ಬೈದು ತಂದರು. ಗುಲಾಬಿ ತೋಟದವರು ಹೂವು ಕಟ್ಟುವ ಮೇಜುಗಳನ್ನು ಕೊಟ್ಟರು. ಊರಿನ ಹೆಂಗಸರು ಸೇರಿ ಸುಣ್ಣ ಬಳಿದರು. ಎಷ್ಟು ತೊಳೆದರೂ ಹುಳಿ ಹಾಲಿನ ವಾಸನೆ ಮಾತ್ರ ಹೋಗಲಿಲ್ಲ.

ಮಧ್ಯಾಹ್ನದ ಕ್ಲಾಸು ಹೆಂಗಸರಿಗೆ. ತೋಟದಲ್ಲಿ ಹೂವು ಕೊಯ್ಯುವ ತೆಲುಗು ಮಾತಿನ ಹುಡುಗಿಯರು ಬರುತ್ತಿದ್ದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ತಮಿಳಿನ ಅಕ್ಕ ಒಬ್ಬಳು ಬರುತ್ತಿದ್ದಳು, ಎಮ್ಮೆಯನ್ನು ಕೊಂಬು ಹಿಡಿದು ತಿರುಗಿಸುವಷ್ಟು ಗಟ್ಟಿಗಿತ್ತಿ. ಮತ್ತೆ ನಾನು, ಆ ಊರಿಗೆ ಮದುವೆಯಾಗಿ ಬಂದವಳು.

ನನ್ನ ಗಂಡ ಹೊಡೆಯುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳಿ ಏನೂ ಪ್ರಯೋಜನವಿಲ್ಲ. ಸಾರು ಸಪ್ಪೆಯಾದರೆ ಹೊಡೆತ, ಖಾರವಾದರೆ ಹೊಡೆತ, ಸರಿಯಾಗಿದ್ದರೆ ಯಾರಿಗೋಸ್ಕರ ಇಷ್ಟು ರುಚಿಯಾಗಿ ಮಾಡಿದೆ ಎಂದು ಹೊಡೆತ. ಬೆಲ್ಟು, ಸೌದೆ, ಚಪ್ಪಲಿ, ಕೈಗೆ ಏನು ಸಿಕ್ಕರೂ ಆಯಿತು. ಕಂಪ್ಯೂಟರ್ ಕಲಿತರೆ ಕಂಪನಿಯಲ್ಲಿ ಕೆಲಸ ಸಿಗುತ್ತದೆ, ಸಂಬಳ ತಂದು ಕೈಗಿಡುತ್ತಾಳೆ ಎಂದು ಅವನೇ ನನ್ನನ್ನು ಕ್ಲಾಸಿಗೆ ಕಳಿಸಿದ. ಆ ರೂಮಿನಲ್ಲಿ ಕೂತು ಕಲಿತರೆ ಆ ಮನೆಯಿಂದ ಎದ್ದು ಹೋಗಬಹುದು ಎಂದು ನಾನು ಲೆಕ್ಕ ಹಾಕಿದೆ. ಅವನ ಲೆಕ್ಕ ಅವನಿಗೆ, ನನ್ನದು ನನಗೆ.

ಪ್ರೆಸ್ ಶಾಪಿನ ಸದ್ದಿನಲ್ಲಿ ಬಾಳಿದ್ದರಿಂದ ಮೇಷ್ಟ್ರ ಕಿವಿ ಮಂದವಾಗಿತ್ತು, ಗಂಟಲು ಮಾತ್ರ ಜೋರು. ಪಕ್ಕದಲ್ಲೇ ಕೂತವರಿಗೂ ಆಚೆ ಹೊಲದವರನ್ನು ಕರೆದ ಹಾಗೆ ಕೂಗಿ ಹೇಳುತ್ತಿದ್ದರು. ನಮ್ಮ ಕಡೆ ಟೈಪು ಮಾಡುವುದಕ್ಕೆ ಟೈಪು ಹೊಡೆಯುವುದು ಎಂದೇ ಅನ್ನುತ್ತಾರೆ. ನಾನು ಹೋದ ಮೊದಲ ವಾರ ಮೇಷ್ಟ್ರು ನನ್ನ ಹಿಂದೆ ಬಂದು ನಿಂತು, ಪರದೆ ನೋಡಿ, “ಹೊಡಿ! ಎಂಟರ್ ಹೊಡಿ!” ಎಂದು ಗುಡುಗಿದರು.

ನನ್ನ ಎರಡೂ ಕೈ ತಲೆಯ ಮೇಲೆ ಹೋದವು. ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಮುದುರಿ ಕೂತಿದ್ದೆ. ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಹುಡುಗಿಯರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಕ್ಯಾಂಟೀನಿನ ಅಕ್ಕನಿಗೆ ಕಣ್ಸನ್ನೆ ಮಾಡಿದರು. ಅವಳು ಬಗ್ಗಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಅಲ್ಲಿದ್ದ ಬಾಸುಂಡೆ ಅವಳ ಕಣ್ಣಿಗೂ ಬಿತ್ತು, ಮೇಷ್ಟ್ರ ಕಣ್ಣಿಗೂ ಬಿತ್ತು.

ಮಾರನೆಯ ದಿನ ಮೇಷ್ಟ್ರು ಪಾಠ ಶುರು ಮಾಡಲಿಲ್ಲ. ಎಲ್ಲರ ಮುಂದೆ ಬಲಗೈ ಎತ್ತಿ ತೋರಿಸಿದರು.

“ಪ್ರೆಸ್ಸಲ್ಲಿ ಎರಡು ಗುಂಡಿ ಇರ್ತವೆ. ಎರಡೂ ಕೈಲಿ ಒಟ್ಟಿಗೆ ಒತ್ತಿದ್ರೇನೇ ಅದು ಹೊಡೀಬೇಕು. ಎರಡೂ ಕೈ ಗುಂಡಿ ಮ್ಯಾಲಿದ್ರೆ ಬೆರಳು ಒಳೀಕೆ ಹೋಗಾಕಿಲ್ವಲ್ಲ, ಅದ್ಕೆ. ಮಾಲು ಜಾಸ್ತಿ ಬರ್ಲಿ ಅಂತ ನಮ್ ಸೂಪರ್‌ವೈಸರು ಒಂದು ಗುಂಡಿಗೆ ಟೇಪ್ ಸುತ್ತಿ ಒತ್ತಿಟ್ಬುಟ್ಟ. ಒಂದು ಕೈಲಿ ಗುಂಡಿ, ಇನ್ನೊಂದು ಕೈಲಿ ತಗಡು. ಹೊಡ್ತ ಬಿದ್ದಾಗ ನೋವು ಗೊತ್ತಾಗ್ನಿಲ್ಲ ಕಣಮ್ಮಾ, ಸದ್ದು ಗೊತ್ತಾಯ್ತು. ಬೆರಳು ತಗಡಿನ ಜೊತೆಗೇ ಅಚ್ಚಾಗಿ ಆ ಕಡೆ ಬಿದ್ದಿದ್ವು. ಆಮ್ಯಾಕೆ ಎಷ್ಟೋ ವರ್ಸ, ಪಕ್ಕದ ಮನೇಲಿ ಬಟ್ಟೆ ಒಗುದ್ರೂ ಕೈಯ ಕಂಕುಳಿಗೆ ಸಿಗಿಸ್ಕೊಂಡು ಎಗರಿ ಬೀಳ್ತಿದ್ದೆ. ನಗೋರು ನಗ್ತಿದ್ರು.”

ನಕ್ಕಿದ್ದ ಹುಡುಗಿಯರು ತಲೆ ತಗ್ಗಿಸಿದರು.

“ಇವತ್ತಿಂದ ಈ ರೂಮ್ನಾಗೆ ಯಾರೂ ಹೊಡ್ಯಂಗಿಲ್ಲ. ತಟ್ಟಿ. ರೊಟ್ಟಿ ತಟ್ತೀರಲ್ಲ, ಮಗೀನ ಬೆನ್ನು ತಟ್ತೀರಲ್ಲ, ಅಂಗೆ. ಬಾಯ್ತಪ್ಪಿ ಹೊಡಿ ಅಂದೋರು ಕಸ ಗುಡಿಸ್ಬೇಕು. ನಾನಂದ್ರೂ ಅಷ್ಟೇ.”

ಇಷ್ಟು ಹೇಳುವಾಗ ಅವರು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನನಗಾಗಿ ಒಂದು ಮಾತನ್ನೇ ಊರು ಬಿಡಿಸಿದರು, ನನ್ನ ಹೆಸರೆತ್ತದೆ. ನನ್ನ ಜನ್ಮದಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಮುಂದಿನ ಒಂದು ವಾರವೆಲ್ಲ ಕಸ ಗುಡಿಸಿದ್ದು ಮೇಷ್ಟ್ರೇ. ಕ್ಯಾಂಟೀನಿನ ಅಕ್ಕ ಹೊಡಿ ಎನ್ನುವುದನ್ನೇ ತಮಿಳಿನಲ್ಲಿ ‘ಅಡಿ’ ಎಂದು ಸಿಕ್ಕಿಬಿದ್ದಳು. ಹೊಡಿ ಎನ್ನುವುದಕ್ಕೆ ತೆಲುಗಿನಲ್ಲಿ ‘ಕೊಟ್ಟು’ ಅನ್ನುತ್ತಾರೆ. ತೋಟದ ಹುಡುಗಿ ಒಬ್ಬಳು “ಎಂಟರ್ ಕೊಟ್ಟು” ಎಂದಾಗ ಮೇಷ್ಟ್ರು ಅದನ್ನು ಕನ್ನಡವೆಂದು ತಿಳಿದು ಮುಂದಿನ ಮಾತಿಗೆ ಕಾದರು. “ಕೊಟ್ಟು? ಕೊಟ್ಟು ಏನ್ ಮಾಡ್ಬೇಕು ಹೇಳಮ್ಮಾ!” ಎಂದು ಕೂಗಿದರು. ಅವಳು ಇನ್ನೂ ಜೋರಾಗಿ “ಕೊಟ್ಟು ಸಾರ್, ಕೊಟ್ಟು!” ಎಂದಳು. ಕಡೆಗೆ ಅರ್ಥವಾದಾಗ ಮೇಷ್ಟ್ರು ಪೊರಕೆಯನ್ನು ಅವಳ ಕೈಗಿಟ್ಟರು. ತಟ್ಟು ಎಂದರೆ ತಮಿಳಿನಲ್ಲೂ ತಟ್ಟುವುದೇ, ತೆಲುಗಿನಲ್ಲೂ ತಟ್ಟುವುದೇ. ಟೈಪಿಂಗಿಗೆ ತಮಿಳು ಇಸ್ಕೂಲಿನಲ್ಲಿ ‘ತಟ್ಟಚ್ಚು’ ಅನ್ನುತ್ತಾರೆ ಎಂದು ಅಕ್ಕ ಹೇಳಿದಾಗ ಮೇಷ್ಟ್ರು ತಾವೇ ಆ ಪದ ಹುಟ್ಟಿಸಿದವರಂತೆ ಬೀಗಿದರು.

ಆ ‘ಕೊಟ್ಟು’ ದಿನ ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದೇ ಸುದ್ದಿ ಯಾರ ಬಾಯಿಂದಲೋ ನನ್ನ ಗಂಡನ ಕಿವಿಗೆ ಬಿತ್ತು. ಮನೆಯಲ್ಲಿ ನಗದವಳು ಅಲ್ಲಿ ಆ ಗಂಡಸಿನ ಮುಂದೆ ನಕ್ಕಳಂತೆ! ಇನ್ನು ಕ್ಲಾಸಿಗೆ ಹೋಗಬೇಡ ಎಂದ. ಹೋಗ್ತೀನಿ ಎಂದೆ. ಅವನಿಗೆ ನಾನು ಎದುರಾಡಿದ್ದು ಅದೇ ಮೊದಲು. ಬಾಯಲ್ಲಿ ರಕ್ತ ಬರುವ ಹಾಗೆ ಹೊಡೆದು ಡ್ಯೂಟಿಗೆಂದು ಹೊರಟ. ನಾನು ಬಾಯಿ ಮುಕ್ಕಳಿಸಿ ಕ್ಲಾಸಿಗೆ ಹೋದೆ.

ಅವನು ಡ್ಯೂಟಿಗೆ ಹೋಗಿರಲಿಲ್ಲ. ಕುಡಿದು, ತೆಂಗಿನ ಗುಂಡಿ ತೋಡುವ ಹಾರೆ ಹಿಡಿದು ಡೇರಿ ಬಾಗಿಲಿಗೆ ಬಂದ. ಬಂದವನೇ ಮೊದಲ ಮೇಜಿನ ಡಬ್ಬದಂಥ ಮಾನಿಟರಿಗೆ ಬೀಸಿದ. ಅದು ಪಟಾರೆಂದು ಸಿಡಿದು ಗಾಜು ಕ್ಯಾಂಟೀನಿನ ಅಕ್ಕನ ಹಣೆಗೆ ಚುಚ್ಚಿತು. ಎರಡನೆಯದಕ್ಕೆ ಬೀಸಿದ, ಮೂರನೆಯದನ್ನು ಒದ್ದು ಉರುಳಿಸಿದ. ಹುಡುಗಿಯರು ಗೋಡೆಗೆ ಅಂಟಿಕೊಂಡು ಕಿರುಚುತ್ತಿದ್ದರು. ನನ್ನ ಜಡೆ ಹಿಡಿದು ಗಾಜಿನ ಚೂರಿನ ಮೇಲೆ ಎಳೆದ.

“ನಗ್ತೀಯೇನೇ? ನಗು, ಈಗ ನಗು!”

ಮೇಷ್ಟ್ರು ಅಡ್ಡ ಬಂದರು. “ಬುಡ್ಲಾ ಅವಳ್ನ. ಏನಿದ್ರೂ ನನ್ ತಾವ ಮಾತಾಡ್ಲಾ.”

“ನಿನ್ನೇ ಹುಡುಕ್ಕೊಂಡು ಬಂದಿರಾದು ಕಣ್ಲಾ, ಎರಡು ಬೆರಳಿನೋನೆ! ಮೊದ್ಲು ಇವಳು, ಆಮ್ಯಾಕೆ ನೀನು!” ಎಂದು ನನ್ನ ತಲೆಗೆ ಹಾರೆ ಎತ್ತಿದ.

ನನ್ನ ತಲೆಗೆ ಬೀಳಬೇಕಾದ್ದು ಮೇಷ್ಟ್ರ ಬಲಗೈ ಮೇಲೆ ಬಿತ್ತು. ಒಣಗಿದ ಕಬ್ಬು ಮುರಿದ ಹಾಗೆ ಮೂಳೆಯ ಸದ್ದು ಕೇಳಿತು. ಅವರು ಹಾಗೇ ನೆಲಕ್ಕೆ ಕೂತರು. ಅವನು ಮತ್ತೆ ಹಾರೆ ಎತ್ತುವಷ್ಟರಲ್ಲಿ ಕ್ಯಾಂಟೀನಿನ ಅಕ್ಕ, ಮುಖವೆಲ್ಲ ರಕ್ತ ಸುರಿಯುತ್ತಿದ್ದವಳು, ಕೀಬೋರ್ಡನ್ನು ವೈರು ಸಮೇತ ಕಿತ್ತು ಅವನ ಮುಖಕ್ಕೆ ಬಾರಿಸಿದಳು. ಗುಂಡಿಗಳು ಪುರಿಯಂತೆ ಚೆಲ್ಲಾಡಿದವು, ಜೊತೆಗೆ ಅವನದೊಂದು ಹಲ್ಲೂ. ಇನ್ನೊಂದು ಕೊಟ್ಟಳು, ಮತ್ತೊಂದು ಕೊಟ್ಟಳು. ಅವನು ಬಿದ್ದ ಮೇಲೆ ಗೋಡೆಗೆ ಅಂಟಿದ್ದ ಹುಡುಗಿಯರೆಲ್ಲ ಅವನ ಮೇಲೆ ಹತ್ತಿ ಕೂತು ಮೌಸಿನ ವೈರಿನಿಂದ ಕೈಕಾಲು ಬಿಗಿದರು.

ನೆಲದಲ್ಲಿ ಕೂತಿದ್ದ ಮೇಷ್ಟ್ರು ಅಷ್ಟು ನೋವಿನಲ್ಲೂ ಅಕ್ಕನ ಕಡೆ ನೋಡಿ, “ಈ ರೂಮ್ನಾಗೆ ಹೊಡೀಬಾರ್ದು ಅಂದಿದ್ನಲ್ಲಮ್ಮಾ” ಎಂದರು.

“ನಾ ಅಡಿಕ್ಕಲೆ ಸಾರ್, ತಟ್ಟಿನೇನ್” ಎಂದಳು ಅಕ್ಕ. ನಾನು ಹೊಡೀಲಿಲ್ಲ ಸಾರ್, ತಟ್ಟಿದೆ.

ಪೊಲೀಸರು ಬಂದು ಅವನನ್ನು ಜೀಪಿಗೆ ತುಂಬಿದರು. ಮಾರನೆಯ ದಿನವೇ ಊರಿನ ಹಿರಿಯರು ಅರಳಿಕಟ್ಟೆಯಲ್ಲಿ ಸೇರಿ, ಇಷ್ಟೆಲ್ಲ ಆಗಿದ್ದು ಆ ರೂಮಿನಿಂದ, ಅದನ್ನು ಮುಚ್ಚಿಬಿಡಿ ಎಂದರು. ಹಾರೆಯಿಂದ ಆಗಿದ್ದು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಮೇಷ್ಟ್ರು ಪಟ್ಟಿ ಕಟ್ಟಿದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಹೋಗಿ ನಿಂತರು.

“ಮಿಷನ್ನು ನನ್ ಬೆರಳು ತಿಂದಾಗ ಫ್ಯಾಕ್ಟ್ರಿ ಮುಚ್ಚಿದ್ರಾ? ರಕ್ತ ಒರೆಸ್ಬುಟ್ಟು, ಊಟದ ಹೊತ್ಗೆಲ್ಲ ಇನ್ನೊಬ್ಬನ್ನ ನಿಲ್ಸಿ ಓಡುಸ್ತಿದ್ರು. ತಗಡು ಒತ್ತಾಕೇ ಅಷ್ಟು ಹಟ ಇದ್ರೆ, ಹೆಣ್ಮಕ್ಳು ಓದಾಕೆ ನಮ್ಗೆ ಬ್ಯಾಡ್ವಾ? ಮುಚ್ಚೋನು ಯಾವನಾದ್ರೂ ಇದ್ರೆ ಬನ್ನಿ. ಎಡಗೈ ಇನ್ನೂ ಚೆನ್ನಾಗೈತೆ.”

ಯಾರೂ ಬರಲಿಲ್ಲ.

ನಾನು ಆಲಸನತ್ತಂನ ಅಮ್ಮನ ಮನೆಗೆ ಹೋಗಿದ್ದೆ. ಮುಖದ ಊತ ಇಳಿಯುವ ಮೊದಲೇ ಬಸ್ಸು ಹತ್ತಿ ಕ್ಲಾಸಿಗೆ ಬಂದೆ. ಕೆಲಸ ಮಾಡುವ ಕಂಪ್ಯೂಟರ್ ಒಂದೇ ಉಳಿದಿತ್ತು. ಮಿಕ್ಕ ಕೀಬೋರ್ಡುಗಳು ಕಾಲ್ತುಳಿತಕ್ಕೆ ಸಿಕ್ಕಿ ಹಾಳಾಗಿದ್ದವು, ಅಕ್ಕ ಬಾರಿಸಿದ್ದೇ ಅದಕ್ಕೂ ಗತಿ. ಚೆಲ್ಲಿದ ಗುಂಡಿಗಳನ್ನು ಹುಡುಗಿಯರು ಆರಿಸಿ ಸಿಕ್ಕ ಸಿಕ್ಕ ಕಡೆ ಕೂರಿಸಿದ್ದರು. ‘ಕ’ ಎಂದು ತಟ್ಟಿದರೆ ‘ಮ’ ಬರುತ್ತಿತ್ತು. ನಾನು ಒಂದೇ ಬೆರಳಲ್ಲಿ ಅಕ್ಷರ ಹುಡುಕತೊಡಗಿದೆ.

“ಎರಡೂ ಕೈ ಇಡು ತಾಯಿ” ಎಂದರು ಮೇಷ್ಟ್ರು. “ಎರಡೂ ಗುಂಡಿ ಮ್ಯಾಲಿದ್ರೆ ಯಾವ ಮಿಷನ್ನೂ ತಿನ್ನಾಕಾಗಾಕಿಲ್ಲ.”

ಇಟ್ಟೆ. ಅಕ್ಷರ ನೋಡದೆ ಟೈಪು ಮಾಡುವುದನ್ನು ನಾನು ಕಲಿತದ್ದು ಆ ಸುಳ್ಳು ಕೀಬೋರ್ಡಿನ ಮೇಲೆ. ಮೇಷ್ಟ್ರ ಕೈ ಕೂಡಿಕೊಂಡಿತು, ಆದರೆ ಉಳಿದಿದ್ದ ಎರಡು ಬೆರಳೂ ಮತ್ತೆ ಮಡಚಲಿಲ್ಲ. ಅಂದಿನಿಂದ ಅವರು ಬಾಯಲ್ಲಿ ಹೇಳುವುದು, ನಾನು ತಟ್ಟಿ ತೋರಿಸುವುದು. ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೂ ಶಿಫ್ಟು ಮುಗಿಸಿ ನೇರ ಡೇರಿಗೇ ಹೋಗುತ್ತಿದ್ದೆ. ಗಂಡನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.

ಹೋದ ವರ್ಷ ಮೇಷ್ಟ್ರು ಯಾರೋ ಕೊಟ್ಟ ಹಳೆಯ ಕೀಬೋರ್ಡುಗಳನ್ನು ಚೀಲದಲ್ಲಿ ಹೊತ್ತು ಹೆದ್ದಾರಿ ದಾಟುತ್ತಿದ್ದಾಗ ಲಾರಿ ಹೊಡೆಯಿತು. ನಮ್ಮ ಭಾಷೆಯಲ್ಲಿ ಅದಕ್ಕೂ ಅದೇ ಮಾತು. ಮುಖ ಉಳಿದಿರಲಿಲ್ಲ. ಬಲಗೈ ನೋಡಿ ನಾನೇ ಗುರುತು ಹೇಳಿದೆ. ರಸ್ತೆಯ ತುಂಬ ಗುಂಡಿಗಳು ಚೆಲ್ಲಿದ್ದವು, ಕ್ಯಾಂಟೀನಿನ ಅಕ್ಕ ಬಗ್ಗಿ ಬಗ್ಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು.

ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಅಣ್ಣ ಒಬ್ಬರಿದ್ದರು, ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಡೇರಿಯ ಮುಂದೆ ಚಟ್ಟ ಕಟ್ಟಿ ಮೇಷ್ಟ್ರನ್ನು ಮಲಗಿಸಿದ್ದರು. ತಮಟೆಯವನು ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿ, ಕಡ್ಡಿ ಹಿಡಿದು ನಿಂತು, ಅಪ್ಪಣೆಗೆ ಕಾಯುತ್ತಿದ್ದ. ಅಣ್ಣನ ಕಡೆ ನೋಡಿದ, ಹಿರಿಯರ ಕಡೆ ನೋಡಿದ.

“ಯಾರಮ್ಮಾ ಹೇಳೋರು?” ಎಂದು ಕಡೆಗೆ ಚಟ್ಟದ ಪಕ್ಕ ಕೂತಿದ್ದ ನನ್ನ ಕಡೆ ತಿರುಗಿದ. “ಹೊಡೀಲಾ?”

ಕ್ಲಾಸಿನ ಹೆಂಗಸರೆಲ್ಲ ಒಟ್ಟಿಗೆ ನನ್ನ ಮುಖ ನೋಡಿದರು. ಆ ಬಾಗಿಲಿನ ಒಳಗೆ ನಾವು ಯಾರೂ ಆಡದ ಮಾತು ಅದು.

“ಹೊಡಿಯಣ್ಣಾ” ಎಂದೆ. “ಊರಿಗೆಲ್ಲ ಕೇಳಂಗೆ ಹೊಡಿ.”

ಮೊದಲ ಏಟು ಬಿತ್ತು. ನನ್ನ ಕೈ ತಲೆಯ ಮೇಲೆ ಹೋಗಲಿಲ್ಲ. ಎರಡೂ ಕೈ ಮೇಷ್ಟ್ರ ಬಲಗೈ ಮೇಲಿದ್ದವು.