ಚಕ್ಕುಬಂದಿ ಓದಿದ ಮಷೀನು

ನನಗ ಸಂಶಯ ಜಾಸ್ತಿರಿ. ಹುಮನಾಬಾದದಾಗ ಮೂವತ್ತು ವರ್ಷ ಖರೀದಿ ಪತ್ರ ಬರದವನಿಗೆ ಅದು ಇರೋದ ಸಹಜ. ಚಹಾ ಕುಡಿಸಿ ಬರಸಿಕೊಂಡವರ ಪತ್ರ ಎರಡೆರಡು ಸಲ ಓದ್ತಿದ್ದೆ.

ಇಂಥಾ ನನ್ನ ಮುಂದ, ಬಸವಕಲ್ಯಾಣದ ಕಾಲೇಜಿನಾಗ ಕಂಪ್ಯೂಟರ್ ಕಲಿಸೋ ನನ್ನ ಮಗಳು ಸವಿತಾ ಒಂದು ಪಾರ್ಸರ್, ಅಂದ್ರ ಬರದದ್ದು ಕ್ರಮಕ್ಕ ಅದನೋ ಇಲ್ಲೋ ನೋಡೋ ಪ್ರೋಗ್ರಾಮು, ತಂದಿಟ್ಟಳು. ಅದರ ಲೈಬ್ರರಿ, ಅಂದ್ರ ಯಾರೋ ಮೊದಲೇ ಬರದಿಟ್ಟ ಕೋಡು, ಪುಕ್ಕಟೆ ಸಿಗ್ತದಂತ. ವ್ಯಾಕರಣ ಮಾತ್ರ ನಾವ ಬರದು ಕೊಡಬೇಕಂತ. ಪತ್ರ ಅಂದ್ರ ಮೊದಲು ಮಾರಿದವರು, ಆಮ್ಯಾಲ ಕೊಂಡವರು, ಆಮ್ಯಾಲ ಚಕ್ಕುಬಂದಿ, ಅಂದ್ರ ನಾಲ್ಕೂ ದಿಕ್ಕಿಗೆ ಏನೇನದ ಅನ್ನೋದು, ಕಡಿಗೆ ಸಾಕ್ಷಿ. ಈ ಕ್ರಮ ತಪ್ಪಿದಲ್ಲಿ ಅದು ನಿಂತುಬಿಡ್ತದ. ಪುಕ್ಕಟೆ ಅಂದಕೂಡಲೇ ನನಗ ಗುಮಾನಿ ಹೆಚ್ಚಾತು.

ಪರೀಕ್ಷಾ ಮಾಡೇಬಿಟ್ಟೆ. ‘ಪೂರ್ವಕ್ಕ ಚಂದ್ರ, ಪಶ್ಚಿಮಕ್ಕ ನನ್ನ ಹಲ್ಲುನೋವು, ಉತ್ತರಕ್ಕ ಬೀದರ ಬಸ್ಸು, ದಕ್ಷಿಣಕ್ಕ ಬೀಗರ ಸಿಟ್ಟು’ ಅಂತ ಚಕ್ಕುಬಂದಿ ಹಾಕಿ ಒಂದು ಸುಳ್ಳ ಪತ್ರ ಬರದು ಕೊಟ್ಟೆ. ಸರಿ ಅದ ಅಂತು!

“ನೋಡವಾ ನಿನ್ನ ಶಾಣ್ಯಾನ್ನ” ಅಂತ ನಕ್ಕೆ.

“ಅಪ್ಪಾ, ಅದು ಆಕಾರ ನೋಡ್ತದ, ಅರ್ಥ ಅಲ್ಲ” ಅಂದಳು. ಅರ್ಥ ತಿಳಿಯದವರು ಓದೋದ್ಯಾಕ ಅಂತ ನಾ ಮೀಸಿ ತಿರುವಿದೆ.

ಅಷ್ಟರಾಗ ಕೊಹಿನೂರ ಹಳ್ಳಿಯ ಶಾಂತಾಬಾಯಿ ಬಂದಳು. ಕೂಲಿ ಮಾಡಿ ಕೊಂಡ ಜಾಗದಾಗ ಮನಿ ಕಟ್ಯಾಳ. ಬಾಜೂದವ ಈಗ ಆಕಿ ಅಂಗಳದಾಗೇ ಗೋಡಿಗಂತ ಸುಣ್ಣದ ಗೆರಿ ಹಾಕ್ಯಾನ. ಆ ಜಾಗದ ಪತ್ರ ಬರದವ ನಾನೇ. “ನನ್ನ ಅಕ್ಷರ ಅದ, ಅಂಜಬ್ಯಾಡ” ಅಂದೆ. ಸವಿತಾ ಅದನ್ನ ಟೈಪ್ ಮಾಡಿ ಮಷೀನಿಗೆ ಹಾಕಿದಳು. ನಿಂತುಬಿಡ್ತು. ‘ದಕ್ಷಿಣ ಬರಬೇಕಿತ್ತು, ಸಾಕ್ಷಿ ಬಂದದ.’

ಮಷೀನು ಕೆಟ್ಟದ ಅಂದೆ. ಟೈಪ್ ಮಾಡೋದು ತಪ್ಪ್ಯದ ಅಂದೆ. ಚಷ್ಮಾ ಒರಸಿಕೊಂಡು ನೋಡಿದ್ರ, ಖರೇನೇ ಪತ್ರದಾಗ ದಕ್ಷಿಣ ಇಲ್ಲ. ಊರ ಮಂದೀನೆಲ್ಲ ಸಂಶಯ ಪಟ್ಟ ನಾ, ನನ್ನ ಕೈ ಮ್ಯಾಲ ಒಮ್ಮೆನೂ ಪಟ್ಟಿದ್ದಿಲ್ಲ. ನಾಚಿಕಿಗೆ ಆಕಿ ಮಾರಿ ನೋಡ್ಲಿಕ್ಕೆ ಆಗಲಿಲ್ಲ.

ಪುಣ್ಯಕ್ಕ, ಜಾಗ ಮಾರಿದ ಮುದುಕ ನಿರ್ಣಾ ಊರಾಗ ಇನ್ನೂ ಗಟ್ಟಿ ಇದ್ದ. ಮರುದಿನಾನೇ ಕರಕೊಂಡು ಬಂದು ತಿದ್ದುಪಡಿ ಪತ್ರ ಬರದೆ: ದಕ್ಷಿಣಕ್ಕ ಹಳೇ ಬೇವಿನ ಗಿಡ. ಬಾಜೂದವನ ಗೆರಿ ಬಿದ್ದದ್ದು ಗಿಡದ ಈಚೆ, ಶಾಂತಾಬಾಯಿ ಜಾಗದಾಗ.

ಶಾಂತಾಬಾಯಿ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡಳು. ಕಾಗದದ ಮ್ಯಾಲ ಬಂದ ಕೈ ತಡೀತು.

“ಸರ, ತಪ್ಪ ತಿಳಕೋಬ್ಯಾಡ್ರಿ. ಮೊದಲ ಆ ಮಷೀನಿಗೆ ಓದಸ್ರಿ.”

ಸಿಟ್ಟು ಬಂತು, ಸುಳ್ಳ್ಯಾಕ ಹೇಳ್ಲಿ. “ಅದಕ್ಕ ಅರ್ಥ ತಿಳಿಯಂಗಿಲ್ಲ ಬಾಯಿ!”

“ಅದಕ್ಕ ನೀವಿದ್ದೀರಲ್ರಿ” ಅಂದಳು.

ಪತ್ರದ ಫೋಟೋ ತಗದು ಕಾಲೇಜಿಗೆ ಹೋಗಿದ್ದ ಸವಿತಾಗ ಕಳಿಸಿದೆ. ಸರಿ ಅದ ಅಂತ ಉತ್ತರ ಬರೋತನಕ ಆಕಿ ಹೆಬ್ಬೆರಳು ಗಾಳ್ಯಾಗೇ ಇತ್ತು, ನನ್ನ ಜೀವನೂ.