ಮೈಕಕ್ಕನ ಬಾಯಿಗೆ ಬಿದ್ದ ಬೀಗ

ಮೈಕಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದನ್ನು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ! ಗಂಡ ಮೂರು ಚಕ್ರದ ಗಾಡಿ ಓಡಿಸುತ್ತಾನೆ, ಇವಳು ಹಿಂದೆ ಕೂತು ಮೈಕಿನಲ್ಲಿ ಊರಿಗೆಲ್ಲ ಸಾರುತ್ತಾಳೆ. ಬಟ್ಟೆ ಅಂಗಡಿಯ ರಿಯಾಯಿತಿ, ಹೊಸ ಹಲ್ಲಿನ ಡಾಕ್ಟರು, ತಪ್ಪಿಸಿಕೊಂಡ ನಾಯಿ, ಯಾರು ಏನು ಕೊಟ್ಟರೂ ಒಂದೇ ಉತ್ಸಾಹ. ನಾಯಿಯ ವಿಷಯ ಸಾರಿದರೆ ಆ ನಾಯಿಯೇ ಹೆದರಿ ಮನೆಗೆ ಓಡಬೇಕು, ಅಂಥ ಕಂಠ.

ಆ ಬೇಸಿಗೆಯಲ್ಲಿ ಹಿಂದಿನ ಬೀದಿಗಳ ನಲ್ಲಿಗಳು ಒಣಗಿದವು. ಅಲ್ಲಿನ ಹೆಂಗಸರು ಮೈಕಕ್ಕನ ಬಳಿ ಬಂದರು. ಮಾರನೆಯ ದಿನವೇ ಅವಳು ಶುರು ಮಾಡಿದಳು: "ಗಮನಿಸಿ, ಗಮನಿಸಿ! ನಲ್ಲೀಲಿ ನೀರಿಲ್ಲ, ನಗರಸಭೆಗೆ ನಿದ್ದೆ ಬಂದಿದೆ. ದಯವಿಟ್ಟು ಎಬ್ಬಿಸಿ!"

ಊರು ಬಿದ್ದು ಬಿದ್ದು ನಕ್ಕಿತು. ನಗರಸಭೆಯ ಅಧಿಕಾರಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. "ಗದ್ದಲ ಜಾಸ್ತಿಯಾಯ್ತು, ಆ ಮೈಕ್ ಕಿತ್ಕೊಂಡು ಬಾ" ಎಂದು ಜವಾನನನ್ನು ಅಟ್ಟಿದರು.

ಜವಾನ ಬಂದಾಗ ಬಟ್ಟೆ ಅಂಗಡಿಯ ಸಾರಣೆ ನಡೆಯುತ್ತಿತ್ತು. ಪುಣ್ಯಾತ್ಮ ಕೈಕಟ್ಟಿ ನಿಂತು ಪೂರ್ತಿ ಕೇಳಿದ. "ಅಕ್ಕಾ, ಮಕ್ಕಳ ಬಟ್ಟೆಗೂ ರಿಯಾಯಿತಿ ಇದೆಯಾ?" ಎಂದೂ ವಿಚಾರಿಸಿಕೊಂಡ. ನೀರಿನ ಮಾತು ಬಂದದ್ದೇ ತಡ, ವೈರು ಎಳೆದು ಮೈಕ್ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟ.

ಮನೆಗೆ ಬಂದ ಮೈಕಕ್ಕ ಅಡುಗೆಮನೆಯಲ್ಲಿ ಕೂತು ಅತ್ತಳು. ಅವಮಾನಕ್ಕೂ ಅತ್ತಳು, ಸಿಟ್ಟಿಗೂ ಅತ್ತಳು.

"ಇನ್ಮೇಲೆ ನಗರಸಭೆ ಬಗ್ಗೆ ಮಾತಾಡಲ್ಲ ಅಂತ ಒಂದು ಮಾತು ಹೇಳಿ ಮೈಕ್ ತಗೊಂಡು ಬಾರೇ" ಎಂದ ಗಂಡ. "ನಮಗಿರೋದು ಅದೊಂದೇ ಹೊಟ್ಟೆಪಾಡು."

"ಹಾಗಂದ್ರೆ ಮೈಕ್ ಬರತ್ತೆ ರೀ, ಬಾಯಿ ಅಲ್ಲೇ ಉಳಿಯತ್ತೆ. ಆಮೇಲೆ ನಾನು ಏನು ಕೂಗ್ಬೇಕಾದ್ರೂ ಅವರ ಮುಖ ನೋಡ್ಬೇಕು."

ಕೋರ್ಟಿಗೆ ಹೋದಳು. ಅಧಿಕಾರಿ ಎದೆಯುಬ್ಬಿಸಿ, "ಶಬ್ದ ವಿಪರೀತ ಇತ್ತು ಸ್ವಾಮಿ, ಅದಕ್ಕೇ ತಡೆದೆವು" ಎಂದರು. ನ್ಯಾಯಾಧೀಶರು ಜವಾನನತ್ತ ತಿರುಗಿ, "ಬಟ್ಟೆ ವಿಷಯ ಕೂಗುವಾಗ ಸದ್ದು ಕಡಿಮೆ ಇತ್ತೇನಪ್ಪಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ, ಅಷ್ಟೇ ಇತ್ತು. ಮಕ್ಕಳ ಬಟ್ಟೆಗೂ ರಿಯಾಯಿತಿ ಇತ್ತು!"

ಕೋರ್ಟಿನಲ್ಲಿ ನಗೆಯೋ ನಗೆ. ಅಧಿಕಾರಿಯ ಮುಖ ಇಂಗು ತಿಂದ ಮಂಗನಂತಾಯಿತು.

"ಸದ್ದು ಎಷ್ಟಿರಬೇಕು, ಆಸ್ಪತ್ರೆ ಮುಂದೆ ಕೂಗಬಾರದು, ರಾತ್ರಿ ಕೂಗಬಾರದು, ಇದನ್ನೆಲ್ಲ ನೀವು ಹೇಳಬಹುದು. ಆದರೆ ಎಲ್ಲರಿಗೂ ಒಂದೇ ಥರ ಹೇಳಬೇಕು" ಎಂದರು ನ್ಯಾಯಾಧೀಶರು. "ಅಂಗಡಿಯವರ ಮಾತು ಇರಲಿ, ನಮ್ಮನ್ನ ಬೈಯೋ ಮಾತು ಬೇಡ ಅನ್ನೋ ಅಧಿಕಾರವನ್ನ ಸಂವಿಧಾನ ಯಾವ ಸರ್ಕಾರಕ್ಕೂ ಕೊಟ್ಟಿಲ್ಲ. ಉತ್ತರ ಇದ್ದರೆ ನೀವೂ ಮಾತಾಡಿ. ಮೈಕ್ ವಾಪಸ್ ಕೊಡಿ."

ಮೈಕಕ್ಕ ಮೈಕನ್ನು ಮಗುವಿನ ಹಾಗೆ ಅಪ್ಪಿಕೊಂಡು ಮನೆಗೆ ಬಂದಳು. ಸಂಜೆ ಬಾಗಿಲಲ್ಲಿ ಯಾರು? ಸಾಕ್ಷಾತ್ ಅಧಿಕಾರಿ!

"ಎಲ್ಲ ಬೀದಿಗೂ ನೀರು ಬಿಡ್ತಿದ್ದೀವಿ, ಮೈಕಕ್ಕ ಹೇಳಿದ್ದು ಸುಳ್ಳು ಅಂತ ಊರಿಗೆ ಸಾರ್ಬೇಕಿತ್ತು. ಈ ಊರಲ್ಲಿ ಬೇರೆ ಮೈಕ್ ಇಲ್ಲವಲ್ಲಮ್ಮ..." ಎಂದು ತಲೆ ಕೆರೆದುಕೊಂಡರು.

"ಆಗಲ್ಲ ಅನ್ನು!" ಎಂದು ಗಂಡ ಒಳಗಿನಿಂದ ಗುಡುಗಿದ. ಈ ಗಂಡಸರಿಗೆ ಧೈರ್ಯ ಬರುವುದೇ ಎಲ್ಲ ಮುಗಿದ ಮೇಲೆ!

"ಇವರ ಬಾಯಿ ಮುಚ್ಚಿಸೋಕಾ ರೀ ನಾನು ಕೋರ್ಟು ಹತ್ತಿದ್ದು?" ಎಂದಳು ಮೈಕಕ್ಕ. "ಬೆಳಿಗ್ಗೆ ಸಾರ್ತೀನಿ ಸಾರ್, ಹೋಗಿ ಬನ್ನಿ."

ಸಾರಿದಳು ನೋಡಿ! "ಗಮನಿಸಿ, ಗಮನಿಸಿ! ಎಲ್ಲ ಬೀದಿಗೂ ನೀರು ಬರ್ತಿದೆ! ಮೈಕಕ್ಕ ಹೇಳಿದ್ದು ಶುದ್ಧ ಸುಳ್ಳು, ಹೀಗಂತಾರೆ ನಗರಸಭೆಯವರು!" ಸ್ವಂತ ಕೊರಳಿನಲ್ಲಿ ತನ್ನನ್ನೇ ಬೈದುಕೊಳ್ಳುವಾಗಲೂ ದನಿ ಒಂದಿಷ್ಟೂ ತಗ್ಗಲಿಲ್ಲ. ಹಿಂದಿನ ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದುಕೊಂಡೇ ನಕ್ಕರು.

ಗಾಡಿ ಅಧಿಕಾರಿಯ ಮನೆ ಮುಂದೆ ಬಂದಾಗ ಅವರ ಹೆಂಡತಿ ಗೇಟಿಗೆ ಬಂದು ಕೈ ಅಡ್ಡ ಹಿಡಿದರು.

"ನಮ್ಮನೆ ನಲ್ಲೀಲೂ ನಿನ್ನೆಯಿಂದ ಒಂದು ತೊಟ್ಟು ನೀರಿಲ್ಲಮ್ಮ. ನಾಳೆ ಅದನ್ನೂ ಸಾರ್ತೀರಾ?"

"ಧಾರಾಳವಾಗಿ ಸಾರ್ತೀನಿ ತಾಯಿ" ಎಂದಳು ಮೈಕಕ್ಕ. "ಇವತ್ತು ಮಾತ್ರ ನಿಮ್ಮ ಯಜಮಾನರ ಸರದಿ, ಅವರದ್ದು ಪೂರ್ತಿ ಮುಗೀಲಿ."