ಉಬ್ಬಿದ ಬ್ಯಾಟರಿ ಮತ್ತು ಲೈನ್‌ಮನ್ ಮಾವ

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆದ್ದು ಬಂದಾಗ ನಾನು ಮೊದಲು ಮಾಡಿದ್ದು ತೀರಾ ದಡ್ಡ ಕೆಲಸ. ಮುಚ್ಚಳ ಸರಿಯಾಗಿ ಕೂರಲಿ ಅಂತ ಅದರ ಮೇಲೊಂದು ದಪ್ಪ ನಿಘಂಟು ಹೇರಿಟ್ಟೆ. ನ್ಯಾಮತಿಯ ನಮ್ಮ ಮನೆಯಿಂದ ಹೊನ್ನಾಳಿಯ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಹೋಗಿಬರುತ್ತಿದ್ದೆ. ಇಂಟರ್ನಲ್ ಅಂಕ ಕಳಿಸುವ ಗಡಿಬಿಡಿಯಲ್ಲಿ ಎಂಟು ದಿನ ಹಾಗೇ ದೂಡಿದೆ. ಒಂಬತ್ತನೇ ದಿನ ಕೀಬೋರ್ಡಿನ ಸಂದಿಯಿಂದ ಉಗುರುಬಣ್ಣದಂಥ ವಾಸನೆ ಬಂತು. ಆಮೇಲಷ್ಟೇ ಫೋನಿನಲ್ಲಿ ಹುಡುಕಿ ಓದಿದೆ. ಬ್ಯಾಟರಿಯೊಳಗೆ ಗ್ಯಾಸ್ ತುಂಬಿ ಉಬ್ಬಿದೆ, ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ನಾನು ಒತ್ತಿಯೂ ಇದ್ದೆ, ದಿನಾ ಚಾರ್ಜಿಗೂ ಹಾಕಿದ್ದೆ.

ಆಫ್ ಮಾಡಿ, ಚಾರ್ಜರ್ ಕಿತ್ತು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೆರಳಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ವಾಸನೆ ಹೋಗಿ, ಮುಟ್ಟಿದರೆ ತಣ್ಣಗಿತ್ತು. ಹಿಂಬದಿಯ ತಿರುಪು ಬಿಚ್ಚಲು ಕೂತೆ. ಗಂಡ ಕೆಲಸದ ಮೇಲೆ ಜಗಳೂರಿಗೆ ಹೋಗಿದ್ದರು. ಮನೆಯಲ್ಲಿದ್ದವರು ಮಾವ ಒಬ್ಬರೇ, ನಿವೃತ್ತ ಲೈನ್‌ಮನ್.

ಮದರ್‌ಬೋರ್ಡಿಗೆ ಹೋಗುವ ಬ್ಯಾಟರಿಯ ಕನೆಕ್ಟರನ್ನು ಮೊದಲು ಬಿಡಿಸಿದೆ. ಅಷ್ಟರಲ್ಲಿ ಮಾವ ಒಂದು ತುಂಡು ತಾಮ್ರದ ತಂತಿ ಹಿಡಿದು ಬಂದರು.

"ಲೈನಿನ ಕೆಲಸದಾಗೆ ಮೊದ್ಲು ಅರ್ತ್ ಮಾಡ್ತೀವಿ. ಒಳಗಿರೋ ಕರೆಂಟ್ ಹೋಗ್ಲಿ, ಆಮೇಲೆ ಮುಟ್ಟು. ಸರಿ ಅತ್ತಾಗೆ."

"ಬ್ಯಾಡ್ರೀ ಮಾವಾ! ಇದರ ಎರಡು ತುದಿ ಕೂಡಿಸಿದ್ರೆ ಬೆಂಕಿನೇ ಹತ್ಕಂತೈತೆ!"

ಅವರು ಕೇಳಲಿಲ್ಲ, ತಂತಿ ಬಗ್ಗಿಸುತ್ತಾ ಬಗ್ಗಿದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಕೈಯಿಂದ ಏನನ್ನಾದರೂ ಕಿತ್ತುಕೊಂಡೆ.

"ಮೂವತ್ತು ವರ್ಷ ಕಂಬ ಹತ್ತಿದೋನು ನಾನು. ನನಗೇ ಕಲಿಸಾಕೆ ಬಂದೀಯೇನವ್ವಾ?" ಅಂದು ಒಳಗೆ ಹೋಗಿಬಿಟ್ಟರು.

ಅಳು ಬರುವಷ್ಟು ಸಿಟ್ಟು ಬಂತು. ಅವರ ಮೇಲಷ್ಟೇ ಅಲ್ಲ, ನಿಘಂಟು ಹೇರಿಟ್ಟ ನನ್ನ ಮೇಲೂ. ಉಬ್ಬಿದ್ದರಿಂದಲೋ ಏನೋ, ಬ್ಯಾಟರಿಯ ಅಂಟು ಅರ್ಧ ಬಿಟ್ಟಿತ್ತು. ಹಳೇ ಪ್ಲಾಸ್ಟಿಕ್ ಕಾರ್ಡೊಂದನ್ನು ಅಡಿಗೆ ತೂರಿಸಿ, ಬ್ಯಾಟರಿ ಬಗ್ಗದ ಹಾಗೆ, ಬೆವರು ಒರೆಸಿಕೊಳ್ಳುತ್ತಾ ಎಬ್ಬಿಸಿದೆ. ಕನೆಕ್ಟರಿಗೆ ಟೇಪ್ ಸುತ್ತಿ, ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಒಣ ಮರಳು ಹಾಕಿ ಮಲಗಿಸಿದೆ. ಗ್ಯಾಸ್ ಬಂದರೆ ಹೊರಗೆ ಹೋಗಲಿ ಅಂತ ಮುಚ್ಚಳ ಬಿಗಿ ಮಾಡಲಿಲ್ಲ.

ತೆಗೆದಿದ್ದೇ ಸುಲಭ, ಕೊಡುವುದು ಕಷ್ಟವಾಯಿತು. ಕಸದ ಗಾಡಿಯವನು, "ಹಸಿ ಕಸ, ಒಣ ಕಸ ಅಷ್ಟೇ ಮೇಡಂ. ಇದನ್ನ ಯಾವುದಕ್ಕೆ ಹಾಕ್ಲಿ?" ಅಂದ. ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದರೆ "ಹೊಸದು ನಮ್ಮ ಹತ್ರ ತಗೊಂಡ್ರೆ ಮಾತ್ರ" ಅಂದರು. ಇನ್ನೊಬ್ಬರು ಹೊಲದಲ್ಲಿ ಹೂತುಬಿಡಿ ಅಂದರು. ನಾಲ್ಕು ದಿನ ಡಬ್ಬಿ ಹಿತ್ತಲಲ್ಲೇ ಇತ್ತು, ನಾನು ಗಂಟೆಗೊಮ್ಮೆ ಹೋಗಿ ನೋಡುತ್ತಿದ್ದೆ. ಮಾವ ಮಾತು ಬಿಟ್ಟಿದ್ದರು.

ಐದನೇ ದಿನ ಡಬ್ಬಿ ತಗೊಂಡು ಸ್ಕೂಟಿ ಹತ್ತುವಾಗ ಮಾವ ಚಪ್ಪಲಿ ಮೆಟ್ಟಿ ಬಂದರು. "ಒಬ್ಳೇ ಹೆಂಗೆ ಒಯ್ತೀಯ? ಕೊಡಿಲ್ಲಿ." ಹಿಂದೆ ಕೂತು ಹೊನ್ನಾಳಿಯವರೆಗೂ ಡಬ್ಬಿಯನ್ನು ಅಲುಗಿಸದೆ ಹಿಡಿದುಕೊಂಡರು.

ಅಲ್ಲಿಯ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಾತ ಬ್ಯಾಟರಿಯನ್ನು ಹೆಬ್ಬೆರಳಿನಿಂದ ಅದುಮಿ ನೋಡಿದ. "ಏನಿಲ್ರೀ, ಗ್ಯಾಸ್ ತುಂಬೈತೆ. ಸೂಜಿ ಹಾಕಿ ಗಾಳಿ ತೆಗೆದ್ರೆ ಇನ್ನಾರು ತಿಂಗ್ಳು ನಡೀತೈತೆ."

ನಾನು ಬಾಯಿ ತೆರೆಯುವ ಮೊದಲೇ ಮಾವ ಕೂಗಿದರು: "ಮುಟ್ಬ್ಯಾಡ್ರೀ! ಚುಚ್ಚಿದ್ರೆ ಬೆಂಕಿ ಹತ್ಕಂತೈತೆ. ಅಷ್ಟೂ ಗೊತ್ತಿಲ್ದೆ ಅಂಗಡಿ ಇಟ್ಟೀರೇನು?"

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ, ಬ್ಯಾಟರಿಯನ್ನು ಮರಳಿಗಿಟ್ಟುಕೊಂಡು ಮೆಟ್ಟಿಲಿಳಿದರು.

ಕೊನೆಗೆ ಫೋನಿನಲ್ಲಿ ಹುಡುಕಿದಾಗ ದಾವಣಗೆರೆಯಲ್ಲಿ ಹಳೇ ಎಲೆಕ್ಟ್ರಾನಿಕ್ ಸಾಮಾನು ಪಡೆಯುವವರು ಸಿಕ್ಕರು. ಬಿಸಿಲಲ್ಲಿ ಸ್ಕೂಟಿಯಲ್ಲೇ ಅಷ್ಟು ದೂರ ಹೋದೆವು. ಅಲ್ಲಿಯ ಹೆಂಗಸು ಟೇಪ್ ಸುತ್ತಿದ್ದು ನೋಡಿ, "ಹಿಂಗೇ ತರಬೇಕು. ಎಲ್ರೂ ಚೀಲದಾಗೆ ಕೀಲಿಕೈ ಜೊತೆ ಹಾಕ್ಕೊಂಡ್ ಬರ್ತಾರೆ" ಅಂದಳು.

"ನಾವು ಲೈನಿನ ಕೆಲಸದೋರು" ಅಂದರು ಮಾವ.

ವಾಪಸು ಬರುವಾಗ ಮಾತ್ರ, ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು, "ಅವತ್ತು ನೀನು ತಂತಿ ಕಿತ್ಕಂಡಿದ್ದು ಒಳ್ಳೇದಾಯ್ತು" ಅಂತ ಲೋಟದೊಳಗೆ ನೋಡುತ್ತಾ ಹೇಳಿದರು. ಇತ್ತ ನನ್ನ ಇಂಟರ್ನಲ್ ಅಂಕ ಕಳಿಸುವ ಗಡುವು ಹಿಂದಿನ ದಿನವೇ ಮುಗಿದಿತ್ತು, ಅಂಕಗಳು ಇನ್ನೂ ಲ್ಯಾಪ್‌ಟಾಪಿನಲ್ಲೇ ಇದ್ದವು.